ಎರಡು ವಲಸೆಗಳು: ಮದರಾಸಿನ ಕನ್ನಡಿಗ, ಬೆಂಗಳೂರಿನ ತಮಿಳ

(ಮೈಲಾಪೂರಿನಲ್ಲಿ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಾರ್ಯದರ್ಶಿಗಳು ನನಗೇ ಬಿಟ್ಟರು. ದಾಸಸಾಹಿತ್ಯದ ಬಗೆಗೊ ವಚನಗಳ ಬಗೆಗೊ ನಾನು ಮಾತನಾಡುವೆನೆಂದು ಅವರು ನಿರೀಕ್ಷಿಸಿದ್ದಿರಬಹುದು. ಆದರೆ ನಾನು ಓದಿದ್ದು ಅರ್ಥಶಾಸ್ತ್ರ, ಹೊಟ್ಟೆಪಾಡಿಗೆ ಹಿಡಿದದ್ದು ಕೇಂದ್ರ ಸರ್ಕಾರದ ಲೆಕ್ಕಪರಿಶೋಧನೆಯ ಉದ್ಯೋಗ. ಬೇರೆಯವರು ಬರೆದಿಟ್ಟ ಲೆಕ್ಕವನ್ನು ತಿರುವಿ ನೋಡಿ, ಯಾವ ಬಾಬನ್ನು ಯಾವ ಕಲಮಿನಲ್ಲಿ ತಪ್ಪಾಗಿ ಸೇರಿಸಿದ್ದಾರೆಂದು ಹುಡುಕುವುದರಲ್ಲೇ ನನ್ನ ಮೂವತ್ತು ವರ್ಷಗಳು ಕಳೆದಿವೆ. ಇಂದೂ ಅದೇ ಕೆಲಸವನ್ನು ಮಾಡಬಯಸುತ್ತೇನೆ. ಪರಿಶೋಧಿಸಬೇಕೆಂದಿರುವ ಲೆಕ್ಕ ಮಾತ್ರ ಸರ್ಕಾರದ್ದಲ್ಲ, ನಮ್ಮದು.

ಕಾವೇರಿಯಲ್ಲಿ ನೀರು ಕಡಿಮೆಯಾದ ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ, ಹಬ್ಬದ ಊಟದ ಪಂಕ್ತಿಯಲ್ಲಿ, ಈ ಸಭಾಂಗಣದ ಮೆಟ್ಟಿಲಿನ ಮೇಲೆ ಒಂದು ಮಾತು ಕೇಳಿಬರುತ್ತದೆ. "ಅಲ್ಲಿ ಅವರು ಅಷ್ಟು ಲಕ್ಷ ಜನ ಇದ್ದಾರೆ, ಇಲ್ಲಿ ನಾವು ಇಷ್ಟು ಲಕ್ಷ ಜನ ಇದ್ದೇವೆ. ಅಲ್ಲಿ ಅವರಿಗೆ ಏನೂ ಆಗದಿದ್ದರೆ ಇಲ್ಲಿ ನಮಗೂ ಏನೂ ಆಗದು." ಇದೇ ಮಾತು ತಿರುವುಮುರುವಾಗಿ ಬೆಂಗಳೂರಿನ ತಮಿಳರ ಮನೆಗಳಲ್ಲೂ ಕೇಳುತ್ತದೆ. ಕೇಳಲು ಇದು ವಿವೇಕದ ಮಾತಿನಂತಿದೆ. ಬಿಡಿಸಿ ನೋಡಿದರೆ, ಎರಡು ಜನಸಮುದಾಯಗಳನ್ನು ಪರಸ್ಪರ ಒತ್ತೆಯಿಟ್ಟು ಶಾಂತಿಯನ್ನು ಕೊಳ್ಳುವ ವ್ಯವಹಾರ ಇದು. ವ್ಯವಹಾರವೆಂದ ಮೇಲೆ ಎರಡು ತಕ್ಕಡಿಗಳಲ್ಲಿ ಇರುವ ವಸ್ತು ಸಮಾನವೇ ಎಂದು ಕೇಳಬೇಕಲ್ಲವೆ? ಸಮಾನವಲ್ಲವೆಂಬುದೇ ನನ್ನ ವಾದ.

ಮೊದಲು ಸಂಖ್ಯೆಗಳು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ತಮಿಳನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 21 ಲಕ್ಷ, ಅಂದರೆ ರಾಜ್ಯದ ಜನಸಂಖ್ಯೆಯಲ್ಲಿ ಶೇಕಡ ಮೂರೂವರೆಯಷ್ಟು. ತಮಿಳುನಾಡಿನಲ್ಲಿ ಕನ್ನಡವೆಂದು ಬರೆಸಿದವರು ಸುಮಾರು 12 ಲಕ್ಷದ 86 ಸಾವಿರ, ಶೇಕಡ ಎರಡಕ್ಕೂ ಕಡಿಮೆ. ಸಭೆಗಳಲ್ಲಿ ನಾವು ಉಲ್ಲೇಖಿಸುವುದು ಈ ಎರಡು ಅಂಕಿಗಳನ್ನೇ. ಆದರೆ ಈ ಹನ್ನೆರಡೂ ಮುಕ್ಕಾಲು ಲಕ್ಷದವರು ಯಾರು? ಅವರಲ್ಲಿ ಬಹುಪಾಲು ಜನ ಚೆನ್ನೈಯನ್ನು ಕಂಡವರೇ ಅಲ್ಲ. ಹೊಸೂರು, ಡೆಂಕಣಿಕೋಟೆ, ತಾಳವಾಡಿಗಳ ರೈತರು, ಸೇಲಂ ಕೊಯಮತ್ತೂರುಗಳ ದೇವಾಂಗ ನೇಕಾರರು, ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಶತಮಾನಗಳ ಹಿಂದೆ ನೆಲೆಸಿದ ಒಕ್ಕಲಿಗರು ಇವರಲ್ಲಿ ಸೇರಿದ್ದಾರೆ. ತಾಳವಾಡಿಯವನು ವಲಸಿಗನೇ ಅಲ್ಲ; ಅವನು ಅಜ್ಜನ ಹೊಲದಲ್ಲೇ ನಿಂತಿದ್ದಾನೆ. ಸೇಲಂನ ನೇಕಾರ ಮನೆಯಲ್ಲಿ ಕನ್ನಡ ಆಡುತ್ತಾನೆ, ಆದರೆ ಕನ್ನಡದ ಅಕ್ಷರವನ್ನು ಅರಿಯನು. ಇವರಾರೂ ನಮ್ಮ ಸಂಘಗಳ ಸದಸ್ಯರಲ್ಲ. ಇತ್ತ ಈ ನಗರದಲ್ಲಿ ಕನ್ನಡಿಗನೆಂದು ತಮಿಳರು ಮೊದಲು ಗುರುತಿಸುವುದು ಉಡುಪಿಯ ಹೋಟೆಲಿನವನನ್ನು. ಅವನ ಮನೆಮಾತು ಬಹುತೇಕ ತುಳು, ಕೆಲವೊಮ್ಮೆ ಕೊಂಕಣಿ. ಜನಗಣತಿಯ ಕನ್ನಡದ ಕಲಮಿನಲ್ಲಿ ಅವನು ಇಲ್ಲವೇ ಇಲ್ಲ! ಹೀಗೆ, ಲೆಕ್ಕದಲ್ಲಿರುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳುವವರು ಲೆಕ್ಕದಲ್ಲಿಲ್ಲ. ಇಂಥ ಪಟ್ಟಿಯನ್ನು ನನ್ನ ಕಚೇರಿಗೆ ತಂದರೆ ನಾನು ಸಹಿ ಹಾಕುವುದಿಲ್ಲ.

ಇನ್ನು ಇವರು ಬಂದ ಬಗೆ. ಈ ನಗರದ ಕನ್ನಡಿಗರನ್ನು 'ವಲಸೆ ಬಂದವರು' ಎಂದು ಕರೆಯುವಾಗ ಒಂದು ಸಂಗತಿಯನ್ನು ಮರೆಯಬಾರದು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದವು. ಕಾನೂನು ಓದಬೇಕಾದ ಮಂಗಳೂರಿನ ಹುಡುಗನಿಗೂ, ಮೇಲ್ಮನವಿ ಸಲ್ಲಿಸಬೇಕಾದ ಬಳ್ಳಾರಿಯ ಕಕ್ಷಿಗಾರನಿಗೂ ಮದರಾಸೇ ರಾಜಧಾನಿ. ಅವರು ಪರದೇಶಕ್ಕೆ ಬಂದವರಲ್ಲ, ತಮ್ಮ ರಾಜಧಾನಿಗೆ ಬಂದವರು. ಕನ್ನಡ ವಿದ್ವತ್ತು ಕೂಡ ಇಲ್ಲಿ ಪರಕೀಯವಾಗಿರಲಿಲ್ಲ. ಕಿಟ್ಟೆಲರ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸಿದ ಮರಿಯಪ್ಪ ಭಟ್ಟರ ಸಂಪುಟಗಳನ್ನು 1968ರಿಂದ 1971ರವರೆಗೆ ಹೊರತಂದದ್ದು ಮದರಾಸು ವಿಶ್ವವಿದ್ಯಾನಿಲಯ. ಕನ್ನಡ ಚಲನಚಿತ್ರೋದ್ಯಮವೂ ದಶಕಗಳ ಕಾಲ ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲೇ ಬೆಳೆಯಿತು.

ಬೆಂಗಳೂರಿನ ತಮಿಳರ ಕಥೆಯೂ ಇದನ್ನೇ ಹೋಲುತ್ತದೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡನ್ನು ಸ್ಥಾಪಿಸಿದಾಗ ಮದರಾಸು ಸೈನ್ಯದೊಡನೆ ಸಿಪಾಯಿಗಳು ಬಂದರು. ಅವರ ಹಿಂದೆ ದಿನಸಿಯ ಗುತ್ತಿಗೆದಾರರು, ಬಾಣಸಿಗರು, ಅಗಸರು, ಗಾರೆ ಕೆಲಸದವರು, ತೋಟಿಗಳು ಬಂದರು. ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿತ್ತು, ಮೈಸೂರು ಸಂಸ್ಥಾನದ ಆಡಳಿತದಲ್ಲಿರಲಿಲ್ಲ. ಅದು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ, ಪೇಟೆಯೊಡನೆ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಅಲ್ಲಿಯವರೆಗೆ ಹಲಸೂರಿನ ತಮಿಳನು ಮೈಸೂರಿನ ಪ್ರಜೆಗಳ ನಡುವೆ ವಾಸಿಸಿದವನಲ್ಲ. ಬ್ರಿಟಿಷರು ಕಟ್ಟಿದ ಊರಿನಲ್ಲಿ, ತಾನೇ ಬಹುಸಂಖ್ಯಾತನಾಗಿದ್ದ ಬೀದಿಗಳಲ್ಲಿ ಅವನು ಬದುಕಿದ. ಅಂದರೆ ಎರಡೂ ಕಡೆ ಮನುಷ್ಯ ಇದ್ದಲ್ಲೇ ಇದ್ದ. ಗಡಿ ಅವನನ್ನು ದಾಟಿಕೊಂಡು ಹೋಯಿತು. ನಿನ್ನೆ ಸಂಜೆ ಸ್ವಂತ ಊರಿನವನಾಗಿದ್ದವನು ಮರುದಿನ ಬೆಳಿಗ್ಗೆ ಭಾಷಾ ಅಲ್ಪಸಂಖ್ಯಾತನಾಗಿ ಎದ್ದ.

ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ಇಬ್ಬರೂ ಮಾಡಿದ ದುಡಿಮೆ ಬೇರೆ, ಪಡೆದದ್ದು ಬೇರೆ, ಕಳೆದುಕೊಂಡದ್ದು ಬೇರೆ.

ಉಡುಪಿ ಹೋಟೆಲಿನ ಅರ್ಥವ್ಯವಸ್ಥೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಈ ಸಭಾಂಗಣದಿಂದ ಹೆಚ್ಚು ದೂರವಿಲ್ಲದ ರಾಧಾಕೃಷ್ಣನ್ ಸಾಲೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಇದೆ. ಅದರ ಸ್ಥಾಪಕರಾದ ಕೆ. ಕೃಷ್ಣರಾಯರು ದಕ್ಷಿಣ ಕನ್ನಡದ ಬಡ ಕುಟುಂಬದಿಂದ ಬಂದು, ಅಡಿಗೆಮನೆಯ ಕೆಲಸದಿಂದ ಆರಂಭಿಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ ಆರಂಭವಾದ ಡ್ರೈವ್-ಇನ್ ಈ ನಗರದ ಎರಡು ತಲೆಮಾರುಗಳ ಹರಟೆಯ ತಾಣವಾಗಿತ್ತು. 2008ರಲ್ಲಿ ಅದು ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ದಾಸಪ್ರಕಾಶದ ಸೀತಾರಾಮರಾಯರದೂ ಇಂಥದೇ ಏಳಿಗೆ. ಇವು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕಥೆಗಳು, ಹೇಳಿಕೊಳ್ಳಬೇಕಾದವೂ ಹೌದು. ತಮಿಳರು ತಮ್ಮದೆಂದು ತಿಳಿದ ಮಸಾಲೆದೋಸೆಯನ್ನು ಅವರ ರಾಜಧಾನಿಯಲ್ಲೇ ಅವರಿಗೆ ಮಾರಿ ಗೆಲ್ಲುವುದು ಸಾಮಾನ್ಯ ಸಾಧನೆಯಲ್ಲ.

ಆದರೆ ಒಬ್ಬ ಕೃಷ್ಣರಾಯರ ಹಿಂದೆ ಸಾವಿರ ಹುಡುಗರಿದ್ದರು. ಊರಿನ ನಂಟನ್ನು ಹಿಡಿದುಕೊಂಡು ಹತ್ತು ಹನ್ನೆರಡು ವಯಸ್ಸಿಗೆ ಬಂದ ಹುಡುಗ ಮೊದಲು ಲೋಟ ತೊಳೆಯುತ್ತಿದ್ದ, ಆಮೇಲೆ ಮೇಜು ಒರೆಸುತ್ತಿದ್ದ, ಮೀಸೆ ಮೂಡುವ ಹೊತ್ತಿಗೆ ಸಪ್ಲಾಯರ್ ಆಗುತ್ತಿದ್ದ. ಕೈಗುಣವಿದ್ದರೆ ಒಲೆಯ ಮುಂದೆ, ಲೆಕ್ಕ ಬಂದರೆ ಗಲ್ಲಾದ ಮುಂದೆ ನಿಲ್ಲುತ್ತಿದ್ದ. ಭಾಗ್ಯವಿದ್ದವನು ನಾಲ್ವರ ಜೊತೆ ಪಾಲು ಹಾಕಿ ಒಂದು ಕಾಫಿ ಕ್ಲಬ್ ತೆರೆಯುತ್ತಿದ್ದ. ಊಟ ಹೋಟೆಲಿನಲ್ಲಿ, ಮಲಗುವುದು ಅಟ್ಟದ ಮೇಲೆ ಅಥವಾ ರಾತ್ರಿ ತೊಳೆದು ಒಣಗಿದ ಮೇಜಿನ ಮೇಲೆ. ಮನಿಯಾರ್ಡರು ತಿಂಗಳಿಗೊಮ್ಮೆ, ಊರು ವರ್ಷಕ್ಕೊಮ್ಮೆ. 1974ರ ಭೂಸುಧಾರಣೆಯ ನಂತರ ದಕ್ಷಿಣ ಕನ್ನಡದ ಗೇಣಿದಾರರಿಗೆ ಭೂಮಿ ದೊರಕಿತು. ಅದು ನ್ಯಾಯವಾದ ಕಾನೂನೆಂದೇ ನನ್ನ ಅಭಿಪ್ರಾಯ. ಆದರೆ ಗೇಣಿಯ ಅಕ್ಕಿಯನ್ನೇ ನಂಬಿದ್ದ ಸಣ್ಣ ಬ್ರಾಹ್ಮಣ ಮನೆತನಗಳ ಹುಡುಗರು ಇನ್ನಷ್ಟು ದೊಡ್ಡ ಸಂಖ್ಯೆಯಲ್ಲಿ ಮುಂಬಯಿ, ಮದರಾಸುಗಳ ಬಸ್ಸು ಹತ್ತಲು ಅದೂ ಒಂದು ಕಾರಣವಾಯಿತು. ಈ ವಲಸೆಯ ಮುಖ್ಯ ಲಕ್ಷಣವೆಂದರೆ ಅದು ಗಂಡಸಿನ ವಲಸೆ. ಹೆಂಡತಿ, ಮಕ್ಕಳು, ಭೂತದ ಗುಡಿ, ಕಂಬಳದ ಗದ್ದೆ ಎಲ್ಲವೂ ಊರಿನಲ್ಲೇ ಉಳಿದವು. ಬಂದದ್ದು ದುಡಿಯುವ ಎರಡು ಕೈ ಮಾತ್ರ.

ತಮಿಳ ಕಾರ್ಮಿಕನ ವಲಸೆ ಇದಕ್ಕೆ ತೀರ ವಿರುದ್ಧವಾದದ್ದು. ಕೋಲಾರದ ಚಿನ್ನದ ಗಣಿಗಳನ್ನೇ ತೆಗೆದುಕೊಳ್ಳಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿ ಗಣಿಗಾರಿಕೆಯನ್ನು ಕೈಗೊಂಡಾಗ ಉತ್ತರ ಆರ್ಕಾಟು ಮುಂತಾದ ಜಿಲ್ಲೆಗಳಿಂದ, ಬಹುಪಾಲು ದಲಿತ ಕುಟುಂಬಗಳು ಬಂದವು. ಗೌಡರ ಹೊಲದ ಜೀತಕ್ಕಿಂತ ಭೂಮಿಯ ಒಡಲಿನ ಕತ್ತಲು ವಾಸಿ ಎಂದುಕೊಂಡು ಬಂದವರು ಅವರು. ಗಂಡ, ಹೆಂಡತಿ, ಮುದುಕಿ, ಮಗು, ಮಾರಿಯಮ್ಮ ಎಲ್ಲರೂ ಒಟ್ಟಿಗೆ ಬಂದರು. ಸಾಲುಮನೆಗಳ ಲೈನುಗಳಲ್ಲಿ ಊರಿಗೆ ಊರೇ ಎದ್ದು ನಿಂತಿತು. ಶಾಲೆ, ಇಗರ್ಜಿ, ದೇವಸ್ಥಾನ, ಕಾರ್ಮಿಕ ಸಂಘ ಎಲ್ಲವೂ ತಮಿಳಿನಲ್ಲೇ ನಡೆದವು. ಬೆಂಗಳೂರಿನ ಬಿನ್ನಿ ಗಿರಣಿಯ ಸುತ್ತಲೂ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೂ, ಕೊಡಗಿನ ಕಾಫಿ ತೋಟಗಳಲ್ಲೂ ಕಂಡದ್ದು ಇದೇ ಕುಟುಂಬ ಸಮೇತ ವಲಸೆಯನ್ನು. ಇನ್ನೊಂದು ಸಂಗತಿ ನಮ್ಮಲ್ಲಿ ಅನೇಕರಿಗೆ ಅಚ್ಚರಿ ತಂದೀತು. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳ ಕುಟುಂಬಗಳಲ್ಲಿ ಕೆಲವನ್ನು ಸುಳ್ಯ, ಪುತ್ತೂರುಗಳ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಯಾವ ಜಿಲ್ಲೆಯ ಹುಡುಗರು ಮದರಾಸಿನಲ್ಲಿ ಕಾಫಿ ಲೋಟ ತೊಳೆಯಲು ಬಂದರೋ ಅದೇ ಜಿಲ್ಲೆಗೆ ರಬ್ಬರ್ ಹಾಲು ಇಳಿಸಲು ತಮಿಳರು ಹೋದರು!

ಗಣಿಯ ಕಾರ್ಮಿಕನಿಗೆ ದಕ್ಕಿದ್ದೇನು? 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಸುಮಾರು 92 ಮೈಲು ತಂತಿಯ ಮೇಲೆ ಹರಿದು ಮೊದಲು ತಲಪಿದ್ದು ಮೈಸೂರನ್ನಲ್ಲ, ಬೆಂಗಳೂರನ್ನಲ್ಲ, ಕೋಲಾರದ ಗಣಿಗಳನ್ನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ವಿದ್ಯುದಾಗಾರಕ್ಕೆ ಅಡಿಪಾಯ ಹಾಕಿದ ದಿವಾನ ಶೇಷಾದ್ರಿ ಅಯ್ಯರ್ ಮದರಾಸು ಪ್ರಾಂತ್ಯದಿಂದ ಬಂದ ತಮಿಳರು. ಕಾವೇರಿಯ ಮೊದಲ ವಿದ್ಯುತ್ತನ್ನು ಹೀಗೆ ಒಬ್ಬ ತಮಿಳ ದಿವಾನ, ಕನ್ನಡ ನಾಡಿನ ದೊರೆಗಾಗಿ, ಇಂಗ್ಲಿಷ್ ಕಂಪೆನಿಗೆ ಮಾರಿ, ತಮಿಳ ಕೂಲಿಗಳು ಅಗೆಯುತ್ತಿದ್ದ ಗಣಿಗೆ ಹರಿಸಿದರು. ಚಿನ್ನ ಲಂಡನ್ನಿಗೆ ಹೋಯಿತು, ರಾಜಧನ ಮೈಸೂರಿನ ಖಜಾನೆಗೆ ಸಂದಿತು, ಕಲ್ಲಿನ ದೂಳು ಕಾರ್ಮಿಕನ ಪುಪ್ಪುಸದಲ್ಲಿ ಉಳಿಯಿತು. 2001ರ ಫೆಬ್ರವರಿ ಅಂತ್ಯದಲ್ಲಿ ಗಣಿ ಮುಚ್ಚಿತು. ಇಂದು ಕೆ.ಜಿ.ಎಫ್.ನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಕಟ್ಟಡಗಳಿಗೆ, ಅಂಗಡಿಗಳಿಗೆ ಕೂಲಿಗೆ ಬರುವವರು ಆ ಗಣಿಗಾರರ ಮೊಮ್ಮಕ್ಕಳು.

ಮೈಸೂರು ಸಂಸ್ಥಾನಕ್ಕೆ ಬಂದ ತಮಿಳರಲ್ಲಿ ಮೇಲಿನ ಪದರವೊಂದೂ ಇತ್ತೆಂಬುದು ನಿಜ. ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಮುಂತಾದವರ ಕಾಲದಲ್ಲಿ 'ಮದರಾಸಿನವರು', 'ಮೈಸೂರಿನವರು' ಎಂಬ ಕಲಹ ಸಂಸ್ಥಾನದ ಕಚೇರಿಗಳಲ್ಲಿ ಹೊಗೆಯಾಡಿತು. ಆದರೆ ಆ ಪದರ ಕನ್ನಡದಲ್ಲಿ ಕರಗಿತು. ಮನೆಯಲ್ಲಿ ತಮಿಳು ಆಡುತ್ತಿದ್ದ ಮಾಸ್ತಿ, ಕೈಲಾಸಂ, ರಾಜರತ್ನಂ ಇಲ್ಲದ ಹೊಸಗನ್ನಡವನ್ನು ಊಹಿಸಬಲ್ಲಿರಾ? ಇತ್ತ ಈ ನಾಡಿನಲ್ಲಿ ತಮಿಳ ಸ್ವಾಭಿಮಾನದ ಅತಿ ದೊಡ್ಡ ಹೆಸರಾದ ಪೆರಿಯಾರ್ ಈರೋಡಿನ ಕನ್ನಡ ಮಾತಿನ ಮನೆಯವರು. 1957ರಲ್ಲಿ ತಿರುವಲ್ಲಿಕ್ಕೇಣಿಯ ಹೋಟೆಲೊಂದರ ಫಲಕದಿಂದ 'ಬ್ರಾಹ್ಮಣ' ಎಂಬ ಪದವನ್ನು ಅಳಿಸಬೇಕೆಂದು ಅವರ ಅನುಯಾಯಿಗಳು ತಿಂಗಳುಗಟ್ಟಲೆ ಚಳವಳಿ ಹೂಡಿದರು. ನಮ್ಮ ಹಿರಿಯರಲ್ಲಿ ಕೆಲವರು ಅದನ್ನು ಕನ್ನಡದ್ವೇಷವೆಂದು ಬಗೆದದ್ದುಂಟು. ಅದು ಭಾಷೆಯ ಪ್ರಶ್ನೆಯಾಗಿರಲಿಲ್ಲ, ಜಾತಿಯ ಪ್ರಶ್ನೆಯಾಗಿತ್ತು. ಕೇಳಿದ ಪ್ರಶ್ನೆಯೂ ನ್ಯಾಯವಾದುದಾಗಿತ್ತು.

ಒಟ್ಟಾಗಿ ಬಂದವನಿಗೂ ಒಂಟಿಯಾಗಿ ಬಂದವನಿಗೂ ಇರುವ ಅಂತರ ಮೂರನೆಯ ತಲೆಮಾರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನ ತಮಿಳನು ಹಣ ಗಳಿಸಲಿಲ್ಲ, ಭಾಷೆ ಉಳಿಸಿಕೊಂಡ. ಬೀದಿ ಅವನದಾಗಿತ್ತು, ಬೀದಿಯ ಮೂಲಕ ಮತ ಅವನದಾಯಿತು. ಕೆ.ಜಿ.ಎಫ್. ಕ್ಷೇತ್ರದಿಂದ ತಮಿಳುನಾಡಿನ ಪಕ್ಷದ ಅಭ್ಯರ್ಥಿ ಗೆದ್ದು ಕರ್ನಾಟಕದ ವಿಧಾನಸಭೆಯಲ್ಲಿ ಕುಳಿತದ್ದುಂಟು. ಚೆನ್ನೈಯ ಯಾವ ಕ್ಷೇತ್ರದಲ್ಲಾದರೂ ಕನ್ನಡಿಗರ ಮತಕ್ಕಾಗಿ ಯಾರಾದರೂ ಕನ್ನಡದಲ್ಲಿ ಕರಪತ್ರ ಹಂಚಿದ್ದನ್ನು ನಾನು ಕಂಡಿಲ್ಲ. ನಮ್ಮ ಹೋಟೆಲಿನ ಒಡೆಯನಾಗಲಿ, ಬ್ಯಾಂಕಿನ ಅಧಿಕಾರಿಯಾಗಲಿ, ನನ್ನಂಥ ಕೇಂದ್ರ ನೌಕರನಾಗಲಿ ನಗರದ ತುಂಬ ಚದುರಿದ್ದಾನೆ. ಅವನಿಗೆ ಗೌರವ ಸಿಕ್ಕಿದೆ, ಅನುಕೂಲ ಸಿಕ್ಕಿದೆ. ಅವನ ಮೊಮ್ಮಗನಿಗೆ ತಮಿಳು ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಇನ್ನೂ ಚೆನ್ನಾಗಿ ಬರುತ್ತದೆ, ಕನ್ನಡ ಅಜ್ಜಿಯ ದೂರವಾಣಿ ಬಂದಾಗ ಮಾತ್ರ ಬರುತ್ತದೆ. ಹಣವಂತನಾದ ಕನ್ನಡಿಗನ ಭಾಷೆ ಎರಡು ತಲೆಮಾರಿನಲ್ಲಿ ಸವೆಯಿತು, ಕೂಲಿಕಾರ ತಮಿಳನ ಭಾಷೆ ಐದು ತಲೆಮಾರು ಬಾಳಿತು. ಇನ್ನು ಮೇಜು ಒರೆಸುವ ಹುಡುಗ? ಅವನಿಗೆ ಹಣವೂ ಬರಲಿಲ್ಲ, ಬೀದಿಯೂ ಸಿಗಲಿಲ್ಲ. ಈಚಿನ ವರ್ಷಗಳಲ್ಲಿ ಅವನ ಜಾಗಕ್ಕೆ ಬಿಹಾರ, ಒಡಿಶಾ, ಈಶಾನ್ಯ ರಾಜ್ಯಗಳ ಹುಡುಗರು ಬರುತ್ತಿದ್ದಾರೆ. ಆದರೂ ಕುಂದಾಪುರ, ಬೈಂದೂರುಗಳ ಕಡೆಯ ನಡುವಯಸ್ಸಿನ ಕೆಲಸಗಾರರು ಈ ನಗರದ ಅಡಿಗೆಮನೆಗಳಲ್ಲಿ ಇನ್ನೂ ಇದ್ದಾರೆ. ನಾನು ರಾತ್ರಿ ಊಟ ಮಾಡುವ ಹೋಟೆಲಿನಲ್ಲಿ ಅಂಥವರೊಬ್ಬರಿದ್ದಾರೆ, ಇಪ್ಪತ್ತಾರು ವರ್ಷದಿಂದ ಇಲ್ಲಿದ್ದಾರೆ. ನಮ್ಮ ಸಂಘದ ಹೆಸರನ್ನು ಅವರು ಕೇಳಿರಲಿಲ್ಲ.

ಈಗ ಮೊದಲು ಹೇಳಿದ ಒತ್ತೆಯ ಲೆಕ್ಕಕ್ಕೆ ಮರಳೋಣ.

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ನೀಡಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದಿತು. ಡಿಸೆಂಬರ್ 11ರಂದು ಅದು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಮುಂದಿನ ಎರಡು ದಿನ ಬೆಂಗಳೂರಿನಲ್ಲಿ ನಡೆದ ಗಲಭೆಯಲ್ಲಿ ಹದಿನೈದಕ್ಕೂ ಮಿಕ್ಕಿ ಜನ ಸತ್ತರು. ನಾನು ಆಗ ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ದಾಳಿಗೆ ಗುರಿಯಾದದ್ದು ಯಾವುದೆಂಬುದನ್ನು ಗಮನಿಸಬೇಕು. ಸದಾಶಿವನಗರದ ತಮಿಳ ಉದ್ಯಮಿಯ ಬಂಗಲೆಯ ಮೇಲೆ ಯಾರೂ ಕಲ್ಲೆಸೆದಂತೆ ನಾನು ಕೇಳಲಿಲ್ಲ. ಸುಟ್ಟುಹೋದವು ಜೋಪಡಿಗಳು. ಮೂಟೆ ಕಟ್ಟಿಕೊಂಡು ರೈಲು ನಿಲ್ದಾಣದಲ್ಲಿ ಕುಳಿತವರು ಗಾರೆ ಕೆಲಸದವರು, ತರಕಾರಿ ಮಾರುವವರು. ನಮ್ಮ ವಿದ್ಯಾರ್ಥಿನಿಲಯಕ್ಕೆ ಹಾಲು ಹಾಕುತ್ತಿದ್ದ ಮನುಷ್ಯ ಹನ್ನೆರಡು ದಿನ ಬರಲಿಲ್ಲ. ಬಂದಾಗ ಸೈಕಲ್ ಇರಲಿಲ್ಲ. ಗಡಿಯ ಈಚೆಗೂ ಕನ್ನಡಿಗ ಕುಟುಂಬಗಳು ಅಂಜಿ ಊರು ಬಿಟ್ಟವು. ಅವರೂ ತೋಟದ ಕೂಲಿಗಳು, ಸಣ್ಣ ರೈತರು. ಆ ತಮಿಳ ಸಂತ್ರಸ್ತರ ಪರಿಹಾರದ ಪ್ರಶ್ನೆ ವರ್ಷಗಟ್ಟಲೆ ನೆನೆಗುದಿಗೆ ಬಿದ್ದು, ಕೊನೆಗೆ ಎಲ್ಲಿ ತಲೆಯೆತ್ತಿತು ನೆನಪಿದೆಯೆ? 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರರನ್ನು ಅಪಹರಿಸಿದ ಕಾಡುಗಳ್ಳನ ಬೇಡಿಕೆಗಳ ಪಟ್ಟಿಯಲ್ಲಿ. ಬಡವರ ಅಳಲನ್ನು ನಾಗರಿಕ ಸಂಘಗಳು ಎತ್ತಿಕೊಳ್ಳದಿದ್ದರೆ ಅದನ್ನು ಎತ್ತಿಕೊಳ್ಳಲು ವೀರಪ್ಪನ್ ಬರುತ್ತಾನೆ. ಆ 108 ದಿನಗಳನ್ನು ನಾವು ಈ ನಗರದಲ್ಲಿ ಹೇಗೆ ಕಳೆದೆವೆಂಬುದು ನಿಮ್ಮಲ್ಲಿ ಹಿರಿಯರಿಗೆ ಗೊತ್ತು.

2016ರ ಸೆಪ್ಟೆಂಬರ್ 12ರ ನಸುಕಿನಲ್ಲಿ ನಾವು ಕುಳಿತಿರುವ ಇದೇ ಮೈಲಾಪೂರಿನಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿಗೆ ಪೆಟ್ರೋಲ್ ಬಾಂಬು ಎಸೆದರು. ಗಾಜುಗಳು ಒಡೆದವು. ಅಂದೇ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ವಾಹನಗಳಿಗೆ ಬೆಂಕಿ ಬಿತ್ತು. ಒಂದೇ ನಿಲ್ದಾಣದಲ್ಲಿ ಹತ್ತಾರು ಬಸ್ಸುಗಳು ಬೂದಿಯಾದವು, ಪೊಲೀಸರ ಗೋಲಿಬಾರಿನಲ್ಲಿ ಸಾವೂ ಸಂಭವಿಸಿತು. ಆ ವಾರ ನಮ್ಮ ಮಿತ್ರರಲ್ಲಿ ಕೆಲವರು, "ಇಲ್ಲಿ ಒಡೆದದ್ದಕ್ಕೆ ಅಲ್ಲಿ ಸರಿಯಾಯಿತು" ಎಂದರು. ಲೆಕ್ಕಿಗನಾಗಿ ಇದನ್ನು ನಾನು ಒಪ್ಪಲಾರೆ. ದೊಡ್ಡ ಹೋಟೆಲು ಗಾಜನ್ನು ಮತ್ತೆ ಹಾಕಿಸಬಲ್ಲದು, ಅದಕ್ಕೆ ವಿಮೆ ಎಂಬುದೊಂದಿದೆ, ಬಾಗಿಲಿಗೆ ಪೊಲೀಸರು ಬರುತ್ತಾರೆ. ಜೋಪಡಿಗೆ ವಿಮೆಯಿಲ್ಲ. ದುಡಿಯುವ ಸೈಕಲ್ಲನ್ನು ಕಳೆದುಕೊಂಡವನ ನಷ್ಟ ಯಾವ ದಫ್ತರದಲ್ಲೂ ದಾಖಲಾಗುವುದಿಲ್ಲ. ಒತ್ತೆಯ ಲೆಕ್ಕದಲ್ಲಿ ನಾವು ಈ ತಕ್ಕಡಿಯಲ್ಲಿ ಇಟ್ಟಿರುವುದು ನಮ್ಮ ಗಾಜನ್ನು, ಆ ತಕ್ಕಡಿಯಲ್ಲಿ ಇಟ್ಟಿರುವುದು ಪರರ ಗುಡಿಸಲನ್ನು. ಅಲ್ಲಿನ ಅನುಕೂಲಸ್ಥ ತಮಿಳರು ನಮ್ಮ ವಿಷಯದಲ್ಲಿ ಮಾಡುವ ಲೆಕ್ಕವೂ ಇಂಥದೇ. ಅವರು ಒತ್ತೆಯಿಡುವುದು ತಾಳವಾಡಿಯ ರೈತನನ್ನು, ನಮ್ಮನ್ನಲ್ಲ.

ನೀರಿನ ಮಾತು ಬಂದುದರಿಂದ ಒಂದು ಚಿಕ್ಕ ವಿಷಯಾಂತರಕ್ಕೆ ಕ್ಷಮೆಯಿರಲಿ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲಿಗೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದು ಕೊಟ್ಟದ್ದು. ಹಲಸೂರಿನ ತಮಿಳನು ಕುಡಿಯುವುದು ಕರ್ನಾಟಕದ ಪಾಲಿನ ಆ ನೀರನ್ನು. ಚೆನ್ನೈಗೆ 2004ರಿಂದ ವೀರಾಣಂ ಕೆರೆಯ ಮೂಲಕ ಕೊಳವೆಯಲ್ಲಿ ಬರುತ್ತಿರುವುದೂ ಕಾವೇರಿಯೇ. ಈ ಮೇಜಿನ ಮೇಲೆ ನನಗಾಗಿ ಇಟ್ಟಿರುವ ಲೋಟದಲ್ಲಿ ತಮಿಳುನಾಡಿನ ಪಾಲಿನ ಹನಿಗಳಿರಬಹುದು. ಬಂದ್ ಕರೆಗಳಿಗೆ ಸಹಿ ಮಾಡುವ ಮೊದಲು ಎರಡೂ ನಗರಗಳ ವಲಸಿಗರು ತಮ್ಮ ನಲ್ಲಿಯನ್ನು ಒಮ್ಮೆ ನೋಡಿಕೊಳ್ಳಬಹುದು.

ನಿಜವಾಗಿ ತಕ್ಕಡಿ ಸಮವಾಗಿರುವುದು ಶಾಲೆಯ ವಿಷಯದಲ್ಲಿ. 1982ರ ಗೋಕಾಕ್ ಚಳವಳಿಯ ನಂತರ ಕರ್ನಾಟಕದಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೋರಿದಾಗ ನಾವು ಇಲ್ಲಿಂದ ಹರ್ಷಿಸಿದೆವು. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯ ಕಾಯಿದೆ ಮಾಡಿದಾಗ ಹೊಸೂರು, ತಾಳವಾಡಿಗಳ ಕನ್ನಡ ಶಾಲೆಗಳ ಮಕ್ಕಳಿಗಾಗಿ ನೊಂದೆವು. ಕರ್ನಾಟಕ 2015ರಲ್ಲಿ ಕನ್ನಡ ಕಲಿಕೆಯ ಕಾಯಿದೆ ಮಾಡಿದಾಗ ಮತ್ತೆ ಹರ್ಷಿಸಿದೆವು. ನೆಲದ ಭಾಷೆಯನ್ನು ಎಲ್ಲ ಮಕ್ಕಳೂ ಕಲಿಯಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ತಮಿಳು ಕಲಿಯದ ಕನ್ನಡದ ಹುಡುಗ ಇಲ್ಲಿ ಬಾಳಲಾರ, ಕನ್ನಡ ಕಲಿಯದ ತಮಿಳ ಹುಡುಗ ಅಲ್ಲಿ ಗುಮಾಸ್ತೆಯೂ ಆಗಲಾರ. ಆದರೆ ಕಲಿಸುವ ಉಪಾಧ್ಯಾಯನನ್ನು ಕೊಡದೆ ಪರೀಕ್ಷೆಯನ್ನು ಮಾತ್ರ ಕೊಡುವುದು ಕಲಿಕೆಯಲ್ಲ. ಮನೆಮಾತಿನ ಪುಸ್ತಕವನ್ನು ಕಸಿದುಕೊಂಡು ನೆಲದ ಮಾತನ್ನು ಕೊಡುವುದೂ ಸಲ್ಲದು. ಈ ಎರಡು ಮಾತುಗಳನ್ನು ಚೆನ್ನೈಯಲ್ಲಿ ಹೇಳುವವನು ಬೆಂಗಳೂರಿನಲ್ಲೂ ಹೇಳಬೇಕಾಗುತ್ತದೆ. ಇಲ್ಲವಾದರೆ ಅವನ ಮಾತಿಗೆ ಎರಡೂ ಕಡೆ ಬೆಲೆಯಿಲ್ಲ.

2009ರ ಆಗಸ್ಟಿನಲ್ಲಿ, ಹದಿನೆಂಟು ವರ್ಷ ಮುಸುಕಿನಲ್ಲಿದ್ದ ತಿರುವಳ್ಳುವರ್ ಪ್ರತಿಮೆ ಹಲಸೂರು ಕೆರೆಯ ಬಳಿ ಅನಾವರಣಗೊಂಡಿತು. ನಾಲ್ಕು ದಿನಗಳ ನಂತರ ಇಲ್ಲಿ ಐನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಅದೂ ಒಂದಕ್ಕೊಂದು ಒತ್ತೆಯೇ, ಆದರೆ ಒಳ್ಳೆಯ ಬಗೆಯದು. ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಕಲ್ಲಿನ ಕವಿಗಳಿಗೆ ಮನೆ ಬಾಡಿಗೆಯಿಲ್ಲ, ಮಕ್ಕಳ ಶಾಲೆಯ ಚಿಂತೆಯಿಲ್ಲ.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾನು ಎರಡು ಕೋರಿಕೆಗಳನ್ನು ಇಡುತ್ತೇನೆ. ನಮ್ಮ ಸದಸ್ಯತ್ವದ ಶುಲ್ಕವೂ ಕಾರ್ಯಕ್ರಮಗಳ ವೇಳೆಯೂ ನನ್ನಂಥ ಅಧಿಕಾರಿಗಳಿಗೆ ಅನುಕೂಲವಾಗುವಂತಿವೆ. ಭಾನುವಾರ ಸಂಜೆ ಆರು ಗಂಟೆ ಹೋಟೆಲು ಕೆಲಸಗಾರನಿಗೆ ವಾರದಲ್ಲೇ ಅತ್ಯಂತ ದುಡಿಮೆಯ ಹೊತ್ತು. ವಾರದ ನಡುವೆ ಒಂದು ಮಧ್ಯಾಹ್ನ ಮೂರರಿಂದ ಐದರವರೆಗೆ ಗ್ರಂಥಾಲಯವನ್ನು ತೆರೆದಿಟ್ಟು, ಶುಲ್ಕವಿಲ್ಲದೆ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡು, ಊರಿಗೆ ಅರ್ಜಿ ಬರೆಯುವುದಕ್ಕೊ, ಭವಿಷ್ಯನಿಧಿಯ ಹಣ ಕೇಳುವುದಕ್ಕೊ ನೆರವಾಗುವ ವ್ಯವಸ್ಥೆ ಮಾಡಬಹುದು. ಭವಿಷ್ಯನಿಧಿಯ ಕಾಗದಗಳನ್ನು ನೋಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ, ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿವೆ. ಎರಡನೆಯದು, ಬೆಂಗಳೂರಿನ ತಮಿಳ್ ಸಂಗಂಗೆ ನಮ್ಮ ಸಂಘದಿಂದ ಒಂದು ಪತ್ರ. ಕಾವೇರಿಯಲ್ಲಿ ಮತ್ತೆ ನೀರು ಕಡಿಮೆಯಾಗುವ ವರ್ಷ ಬಂದೇ ಬರುತ್ತದೆ. ಆಗ ಅಲ್ಲಿ ಜೋಪಡಿ ಸುಟ್ಟರೆ ನಾವು ಇಲ್ಲಿಂದ, ಇಲ್ಲಿ ಕನ್ನಡಿಗನಿಗೆ ತೊಂದರೆಯಾದರೆ ಅವರು ಅಲ್ಲಿಂದ, ಅಂದೇ, ತಮ್ಮ ತಮ್ಮ ಭಾಷೆಯ ಪತ್ರಿಕೆಗಳಲ್ಲಿ ಖಂಡಿಸಿ ಬರೆಯುವುದೆಂದು ಈಗಲೇ, ಮಳೆ ಚೆನ್ನಾಗಿರುವಾಗಲೇ, ಒಪ್ಪಂದ ಮಾಡಿಕೊಳ್ಳಬಹುದಲ್ಲವೆ? ಪತ್ರದ ಕರಡನ್ನು ಕನ್ನಡದಲ್ಲೂ, ಒಬ್ಬ ಸಹೋದ್ಯೋಗಿಯ ಸಹಾಯದಿಂದ ತಮಿಳಿನಲ್ಲೂ ಬರೆದು ತಂದಿದ್ದೇನೆ. ಅದನ್ನು ಕಾರ್ಯದರ್ಶಿಗಳ ಕೈಗೆ ಕೊಡುತ್ತಿದ್ದೇನೆ. ತಿದ್ದುಪಡಿಗಳಿದ್ದರೆ ಇಂದೇ ಸೂಚಿಸಿ. ಚರ್ಚೆಗೆ ಅರ್ಧ ಗಂಟೆಯಾದರೂ ಉಳಿಯಲೆಂದು ಇಲ್ಲಿಗೆ ನಿಲ್ಲಿಸುತ್ತೇನೆ.